ನನ್ನ ಹಾಡಿಗೆ ಬಂದ ಓಂ ಶಾಂತಿಗಳು

ತುಮಕೂರಿನಲ್ಲಿ ಸಂಗೀತ ಗೊತ್ತಿರುವವರು ಹೆಚ್ಚೆಂದರೆ ನಾಲ್ಕು ಜನ ಇದ್ದಾರು. ಅವರಲ್ಲಿ ಮೂವರನ್ನು ನಾನು ಒಪ್ಪುವುದಿಲ್ಲ. ಉಳಿದ ಊರಿಗೆಲ್ಲ ಹಾಡೆಂದರೆ ಮದುವೆ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಂತೆ ಮಾಡುವ ಒಂದು ಏರ್ಪಾಟು. ಹನ್ನೊಂದು ವರ್ಷ ರಿಸೆಪ್ಷನ್‌ಗಳಲ್ಲಿ, ಗಣೇಶನ ಪೆಂಡಾಲ್‌ಗಳಲ್ಲಿ ಹಾಡಿ, ನನ್ನ ಮುಂದೆಯೇ ಜನ ಐಸ್‌ಕ್ರೀಮ್ ಬಟ್ಟಲು ಹಿಡಿದು ಫೋಟೋಗೆ ಸಾಲು ನಿಲ್ಲುವುದನ್ನು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಹೊಟ್ಟೆಕಿಚ್ಚೂ ಸ್ವಲ್ಪ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಈಗ ಬಟವಾಡಿಯ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತೇನೆ. ಮಕ್ಕಳು ಪರವಾಗಿಲ್ಲ. ಅವರ ತಾಯಂದಿರನ್ನು ಸಹಿಸುವುದು ಕಷ್ಟ. ಸೇರಿಸಿದ ಎರಡನೇ ವಾರಕ್ಕೆ ಬಾಗಿಲಲ್ಲಿ ನಿಂತು, "ಮೇಡಂ, ಇವ್ಳು ಟೀವಿ ಶೋಗೆ ಯಾವಾಗ ರೆಡಿ ಆಗ್ತಾಳೆ?" ಅನ್ನುತ್ತಾರೆ. ಆ ಮಗುವಿಗೆ ಷಡ್ಜದ ಮೇಲೆ ನಿಲ್ಲಲು ಬರುವುದಿಲ್ಲ. ಕೈಗೆ ಮೈಕ್ ಬಂದರೆ ಕೂದಲು ಹಿಂದಕ್ಕೆ ತಳ್ಳುವುದು ಮಾತ್ರ ಚೆನ್ನಾಗಿ ಬರುತ್ತದೆ. ಅದನ್ನು ನಾನು ಕಲಿಸಿದ್ದಲ್ಲ.

ಇಂಥ ಊರಿನಲ್ಲಿ ಕೂತು, ನಲವತ್ತಾರನೆಯ ವಯಸ್ಸಿನಲ್ಲಿ, ನಾನೇ ಬರೆದು ನಾನೇ ರಾಗ ಹಾಕಿದ ಒಂದು ಹಾಡಿಗೆ ವಿಡಿಯೋ ಮಾಡಿಸಲು ಹೊರಟೆ. ನನ್ನ ಮೊದಲ ವಿಡಿಯೋ. ಯಾಕೆ ಎಂದು ಕೇಳಿದವರಿಗೆಲ್ಲ ಕಲೆಗೋಸ್ಕರ ಎಂದು ಮುಖ ಗಂಭೀರ ಮಾಡಿಕೊಂಡು ಹೇಳಿದೆ. ಅದು ಸುಳ್ಳು. ಆ ಹಾಡನ್ನು ಕೇಳಬೇಕಾದವಳು ಒಬ್ಬಳೇ ಇದ್ದಳು. ಅವಳು ಕೇಳಬೇಕು, ಕೇಳಿ ಒಂದು ಮಾತು ಆಡಬೇಕು, ಅಷ್ಟಕ್ಕೆ ಇಷ್ಟೆಲ್ಲ.

ಅವಳನ್ನು ನಾವು ದುರ್ಗದವಳು ಎಂದೇ ಕರೆಯುತ್ತಿದ್ದೆವು, ಹುಲಿಯೂರುದುರ್ಗದವಳು. ಅಲ್ಲಿ ಬ್ಲೌಸ್ ಹೊಲಿಯುವ ಒಂದು ಸಣ್ಣ ಅಂಗಡಿ ಅವಳದು. ಶನಿವಾರ ಭಾನುವಾರ ಹೊಲಿಗೆ ಮಷಿನ್ನಿಗೆ ಮುಸುಕು ಹಾಕಿ, ಕುಣಿಗಲ್ ಬಸ್ ಹತ್ತಿ ಬಂದು ನಮ್ಮ ಆರ್ಕೆಸ್ಟ್ರಾದಲ್ಲಿ ನನ್ನ ಜೊತೆ ಹಾಡುತ್ತಿದ್ದಳು. ಮೊದಲ ದನಿ ನನ್ನದು, ಎರಡನೆಯದು ಅವಳದು. ನಾನು ಬಿಟ್ಟ ಕಡೆ ಅವಳು ಹಿಡಿಯಬೇಕು, ಅವಳು ಬಿಟ್ಟ ಮೇಲೆ ನಾನು ಬರಬೇಕು. ಹನ್ನೊಂದು ವರ್ಷ ಹಾಗೆ ಹಾಡಿದೆವು. ಒಂದೇ ಬಾಚಣಿಗೆ, ಒಂದೇ ಫ್ಲಾಸ್ಕು.

ಒಂಬತ್ತು ವರ್ಷದ ಹಿಂದೆ ಗುಬ್ಬಿಯ ಒಂದು ಛತ್ರದಲ್ಲಿ ಅದು ಮುಗಿಯಿತು. ಹಾಡಿನ ಚರಣದ ಎರಡನೇ ಸಾಲಿನಲ್ಲಿ ನಮ್ಮಿಬ್ಬರ ದನಿ ಡಿಕ್ಕಿ ಹೊಡೆಯಿತು. ಅವಳು ಇನ್ನೂ ಹಿಂದಿನ ಸಾಲಿನ ಕೊನೆಯಲ್ಲಿದ್ದಳು, ನಾನು ಆಗಲೇ ಮುಂದಿನದಕ್ಕೆ ಬಂದಿದ್ದೆ. ನನಗೆ ಮೈಯೆಲ್ಲ ಉರಿಯಿತು. ಪಲ್ಲವಿಗೆ ಮುಂಚೆ ಕೀಬೋರ್ಡಿನವನು ಒಬ್ಬನೇ ನುಡಿಸುವ ಜಾಗದಲ್ಲಿ ಅವಳ ಕಡೆ ತಿರುಗಿ ಹೇಳಿದೆ: "ನಿಂಗೆ ತಾಳ ಅಂದ್ರೆ ಏನು ಅಂತಾದ್ರೂ ಗೊತ್ತೇನೇ? ಬ್ಲೌಸ್ ಹೊಲ್ಕೊಂಡಿರು ಹೋಗು."

ಮೈಕನ್ನು ಬಾಯಿಯಿಂದ ದೂರ ಹಿಡಿದಿದ್ದೇನೆ ಅಂದುಕೊಂಡಿದ್ದೆ. ಹಿಡಿದಿರಲಿಲ್ಲ. ಛತ್ರದ ನಾಲ್ಕು ಮೂಲೆಗೂ ಕೇಳಿಸಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಜನ ಐಸ್‌ಕ್ರೀಮ್ ಬಟ್ಟಲು ಕೆಳಗಿಟ್ಟು ನಮ್ಮ ಕಡೆ ನೋಡಿದರು, ಮತ್ತು ನಕ್ಕರು. ವೇದಿಕೆಯ ಮೇಲೆ ಮದುಮಗಳೂ ನಕ್ಕಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ದುರ್ಗದವಳು ಉಳಿದ ಎರಡು ಹಾಡನ್ನು ಒಂದು ತಪ್ಪಿಲ್ಲದೆ ಹಾಡಿದಳು. ಹಾಡಿನ ಪುಸ್ತಕ ಮಡಿಸಿ ಬ್ಯಾಗಿಗಿಟ್ಟಳು. ಊಟದ ಹಾಲ್‌ನಲ್ಲಿ ಎಲೆ ಹಾಕಿದ್ದರು, ಕೂರಲಿಲ್ಲ. ನನ್ನ ಮುಂದೆ ಬಂದು ನಿಂತು, "ಹೋಗ್ತೀನಿ" ಎಂದಳು. ಹೋದಳು.

ನಮ್ಮ ಕಡೆ ಯಾರೂ ಹಾಗೆ ಹೇಳುವುದಿಲ್ಲ. ಪಕ್ಕದ ಬೀದಿಗೆ ಹೊರಟರೂ "ಬರ್ತೀನಿ" ಅನ್ನಬೇಕು. ಬಾಯ್ತಪ್ಪಿ ಹೋಗ್ತೀನಿ ಅಂದ ಮಗುವಿನ ತಲೆಗೆ ನನ್ನ ಅಜ್ಜಿ ಒಂದು ಮೊಟಕಿ, ಮತ್ತೆ ಒಳಗೆ ಕರೆದು, ಸರಿಯಾಗಿ ಹೇಳಿಸಿ ಕಳಿಸುತ್ತಿದ್ದಳು. ಬರ್ತೀನಿ ಅನ್ನದೆ ಎದ್ದು ಹೋಗುವುದು ಸಾವಿನ ಮನೆಯಿಂದ ಮಾತ್ರ. ಅಲ್ಲಿ ಹಾಗೆ ಅಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಅಂದ ಹಾಗೆ. ಆದ್ದರಿಂದ ದುರ್ಗದವಳು ಆಡಿದ್ದು ಒಂದೇ ಮಾತಾದರೂ ಅದರ ಅರ್ಥ ನನಗೆ ಪೂರ್ತಿ ತಿಳಿಯಿತು. ಒಂಬತ್ತು ವರ್ಷ ಅವಳ ನಂಬರ್ ನನ್ನ ಫೋನಿನಲ್ಲಿತ್ತು. ನಾನು ಮಾಡಲಿಲ್ಲ. ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ.

ಹಾಡಿನ ಹೆಸರು ‘ಹೋಗಿ ಬರ್ತೀನಿ’. ಹೊಸಿಲ ಮೇಲೆ ದೀಪ ಇಟ್ಟುಕೊಂಡು ಒಬ್ಬಳು ಇನ್ನೊಬ್ಬಳಿಗೆ ಹೇಳುವ ಹಾಡು. ಹೋಗುವುದಾದರೆ ಹೋಗು, ಮಾತು ಮಾತ್ರ ಸರಿಯಾಗಿ ಆಡಿ ಹೋಗು ಎಂದು. ಇಷ್ಟು ಹೇಳಿದರೆ ಸಾಕು.

ಶಿರಾ ಗೇಟಿನ ಹತ್ತಿರ ಒಂದು ಮಹಡಿಯ ಮೇಲೆ ರೆಕಾರ್ಡಿಂಗ್ ಮಾಡಿಸಿದೆ. ಅಲ್ಲಿ ಕೂತಿದ್ದ ಮನುಷ್ಯ ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದಕ್ಕೆ ಮೊಬೈಲು ಹಾಕಿಕೊಂಡು ಕೆಲಸ ಮಾಡುವವನು. ಹಾಡು ಮುಗಿದ ಮೇಲೆ, "ಮೇಡಂ, ಚರಣದ ಎರಡನೇ ಸಾಲಿಗೆ ಅರ್ಧ ಬೀಟ್ ಮುಂಚೆ ಬಂದ್ಬುಟ್ಟಿದ್ದೀರ. ಸ್ವಲ್ಪ ಹಿಂದಕ್ಕೆ ತಳ್ಳಲಾ?" ಎಂದ.

"ಹಾಡು ಅಂದ್ರೆ ತಳ್ಳೋ ಗಾಡಿ ಅಂದ್ಕೊಂಡಿದ್ದೀರಾ?" ಎಂದೆ. "ಮುಟ್ಬೇಡಿ. ನನ್ನ ತಾಳ ನಂಗೊತ್ತು."

ಅವನು ಭುಜ ಕುಣಿಸಿ ಹಾಗೆಯೇ ಬಿಟ್ಟ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಮೆಟ್ಟಿಲಿಳಿಯುತ್ತ ಅಂದುಕೊಂಡೆ.

ವಿಡಿಯೋಗೆ ಸಿಕ್ಕಿದವನು ಗುಬ್ಬಿಯವನು. ನನ್ನ ತವರು ಗುಬ್ಬಿ, ತಮ್ಮ ಈಗಲೂ ಅಲ್ಲೇ ಇದ್ದಾನೆ, ಅವನೇ ತೋರಿಸಿದ್ದು. ಈ ಮಹಾನುಭಾವ ಹದಿನೈದು ವರ್ಷದಿಂದ ಮದುವೆಗಳನ್ನಷ್ಟೇ ತೆಗೆಯುತ್ತ ಬಂದಿದ್ದಾನೆ, ಲೋಕದಲ್ಲಿ ಬೇರೆ ಏನಾದರೂ ನಡೆಯುತ್ತದೆ ಎಂಬ ಸುದ್ದಿ ಅವನಿಗೆ ತಲುಪಿಲ್ಲ. ನಾನು ಹಾಡಿನ ಅರ್ಥವನ್ನು ಅರ್ಧ ಗಂಟೆ ವಿವರಿಸಿದೆ. ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ, "ಗೊತ್ತಾಯ್ತು ಮೇಡಂ. ಹುಡುಗನ ಕಡೆಯಿಂದ ಯಾರು ಬರ್ತಾರೆ?" ಎಂದು ಕೇಳಿದ.

"ಹುಡುಗ ಇಲ್ಲ."

"ಅಲ್ಲ, ಹೀರೋ?"

"ಹೀರೋನೂ ಇಲ್ಲ. ನಾನೊಬ್ಳೇ."

ಅವನು ನನ್ನನ್ನು ಒಂದು ಸಲ ಕಾಲಿನಿಂದ ತಲೆಯವರೆಗೆ ನೋಡಿದ. ಅವನ ಅನುಭವದಲ್ಲಿ ಇಂಥ ಕೇಸು ಬಂದಿರಲಿಲ್ಲ. "ಆಯ್ತು ಬುಡಿ, ಡ್ರೋನ್ ಹಾಕಿ ತುಂಬ್ಸನ" ಎಂದ.

ಕುಣಿಗಲ್ ಕೆರೆ ಏರಿಯ ಮೇಲೆ ಬೆಳಿಗ್ಗೆ ಏಳಕ್ಕೆ ಶೂಟಿಂಗ್. ಅವನ ತಲೆಯಲ್ಲಿ ನಾಲ್ಕೇ ನಾಲ್ಕು ಶಾಟ್‌ಗಳಿದ್ದವು. ನಿಧಾನಕ್ಕೆ ನಡೆಯುವುದು, ನಡೆಯುತ್ತ ತಿರುಗುವುದು, ತಿರುಗಿ ನಗುವುದು, ನಗುತ್ತ ಸೆರಗು ಹಾರಿಸುವುದು. ಇದು ವಿರಹದ ಹಾಡು, ನಗುವಂತಿಲ್ಲ ಎಂದೆ. "ಹಂಗಾದ್ರೆ ಕ್ಯಾಂಡಿಡ್ ಆಗಿ ಅಳಿ ಮೇಡಂ. ಕ್ಯಾಮೆರಾ ಕಡೆ ನೋಡ್ದಂಗೆ, ಎಡಗಣ್ಣಲ್ಲಿ" ಎಂದ. ಬಲಗಡೆ ಬಿಸಿಲು ಬೀಳುತ್ತಿತ್ತಂತೆ. ನಲವತ್ತಾರು ವರ್ಷ ಬದುಕಿ, ಎಷ್ಟೋ ಕಾರಣಗಳಿಗೆ ಅತ್ತಿದ್ದೇನೆ. ಯಾವ ಕಣ್ಣಿನಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಡ್ರೋನ್ ಮೇಲೆದ್ದ ಕೂಡಲೇ ಏರಿಯ ಮೇಲೆ ಜನ ಸೇರಿದರು. ನಮ್ಮ ಜನಕ್ಕೆ ಕೆಲಸ ಇರುವುದು ಬೇರೆಯವರು ಕೆಲಸ ಮಾಡದಿದ್ದಾಗ ಮಾತ್ರ. ಹಾಲಿನ ಕ್ಯಾನ್ ಕಟ್ಟಿಕೊಂಡ ಒಬ್ಬ ಗಾಡಿ ಆಫ್ ಮಾಡಿ, ಎರಡೂ ಕಾಲು ಊರಿ ಕೂತ.

"ಯಾವ ಸೀರಿಯಲ್ಲಕ್ಕಾ?"

"ಸೀರಿಯಲ್ ಅಲ್ಲ. ಯೂಟ್ಯೂಬ್‌ಗೆ."

"ಓ, ಅಡುಗೇನಾ?" ಎಂದು ಪಕ್ಕದವನಿಗೆ ಹೇಳಿದ, "ಅಡುಗೆ ಚಾನೆಲ್ ಕಣ್ಲಾ. ಮೀನು ಸಾರು ಇರ್ಬೇಕು, ಕೆರೆ ತಾವ ಬಂದವ್ರೆ."

ಅಲ್ಲಿಂದ ಮುಂದೆ ಬಂದವರಿಗೆಲ್ಲ ಅವನೇ ಮೀನು ಸಾರಿನ ಸುದ್ದಿ ಹಂಚಿದ. ನಾನು ಬಾಯಿ ಬಿಟ್ಟು ಹಾಡುತ್ತಿದ್ದೆ, ಕಣ್ಣಲ್ಲಿ ನೀರಿತ್ತು, ಹಾಡು ಪೂರ್ತಿ ಮುಗಿಯಿತು. ಒಬ್ಬ ಮುದುಕ ಕೊನೆಯವರೆಗೂ ನಿಂತು ನೋಡಿ, "ಒಲೆ ಎಲ್ಲಿ ಹೂಡ್ತೀರವ್ವ?" ಎಂದು ಕೇಳಿ ಹೊರಟುಹೋದ.

ಇನ್ನು ಪೋಸ್ಟರ್. ಇದರಲ್ಲಿ ತಪ್ಪು ನನ್ನದೇ, ಆದರೂ ಗುಬ್ಬಿಯವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವನ ಸ್ಟುಡಿಯೋದಲ್ಲೇ ಫ್ಲೆಕ್ಸು, ಕಾರ್ಡು ಎಲ್ಲ ಆಗುತ್ತದೆ. ಗೋಡೆ ತುಂಬ ನಾಮಕರಣ, ಹುಟ್ಟುಹಬ್ಬ, ಯಾವನೋ ಮರಿ ಲೀಡರ್‌ಗೆ ಶುಭ ಕೋರುವ ಮೂವತ್ತು ತಲೆಗಳು. ಎಲ್ಲದರಲ್ಲೂ ಚಿಟ್ಟೆ, ಎಲ್ಲದರಲ್ಲೂ ಗುಲಾಬಿ. ಅದನ್ನೆಲ್ಲ ನೋಡಿ ನನಗೆ ಕಲಾವಿದೆಯ ಸೊಕ್ಕು ನೆತ್ತಿಗೇರಿತು. ಖಡಾಖಂಡಿತವಾಗಿ ಹೇಳಿದೆ. ಬಣ್ಣ ಬೇಡ. ನನ್ನ ಮುಖ ಕಪ್ಪು ಬಿಳುಪಿನಲ್ಲಿರಲಿ. ಹಾಡಿನಲ್ಲಿ ದೀಪ ಬರುತ್ತದೆ, ಮುಂದೆ ಒಂದು ಉರಿಯುವ ದೀಪ. ಮೇಲೆ ಹಾಡಿನ ಹೆಸರು. ಕೆಳಗೆ ನನ್ನ ಹೆಸರು, ದಿನಾಂಕ, ಸಂಜೆ ಆರು ಗಂಟೆ. ಅಷ್ಟೇ.

ಅವನು ಕಂಪ್ಯೂಟರಿನ ಕಡೆ ತಿರುಗಿದ. "ಇಂಥದ್ದು ನನ್ ತಾವ ರೆಡಿ ಫೈಲೇ ಐತೆ ಮೇಡಂ" ಎಂದ. ಎರಡು ನಿಮಿಷದಲ್ಲಿ ಮಾಡಿ ತೋರಿಸಿದ. ನನಗೆ ಬಹಳ ಹಿಡಿಸಿತು.

"ಒಸಿ ಕಲರ್ ಹಾಕನ ಮೇಡಂ. ನೋಡಿದೋರು..."

"ನೋಡಿದೋರು ಏನು?"

"ಏನಿಲ್ಲ ಬುಡಿ" ಎಂದ.

ಈಗ ಓದುವವರಿಗೆ ಆಗಲೇ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು, ಕಾಫಿಗೂ ಮುಂಚೆ, ಆ ಪೋಸ್ಟರನ್ನು ಸ್ಟೇಟಸ್‌ಗೆ ಹಾಕಿ, ಬಂಧುಗಳ ಗ್ರೂಪು, ತಾಯಂದಿರ ಗ್ರೂಪು, ಹಳೆಯ ಆರ್ಕೆಸ್ಟ್ರಾದವರ ಗ್ರೂಪು, ಮೂರಕ್ಕೂ ಕಳಿಸಿದೆ. ದುರ್ಗದವಳು ಆ ಮೂರನೆಯದರಲ್ಲಿ ಇದ್ದಾಳೆ. ಒಂಬತ್ತು ವರ್ಷದಲ್ಲಿ ಅಲ್ಲಿ ಒಂದು ಅಕ್ಷರ ಹಾಕಿದವಳಲ್ಲ, ಬಿಟ್ಟು ಹೋದವಳೂ ಅಲ್ಲ. ಅವಳಿಗೇ ನೇರವಾಗಿ ಕಳಿಸಲು ನನಗೆ ಕೈ ಬರಲಿಲ್ಲ. ನೋಡಿದರೆ ನೋಡಲಿ, ಸಂಜೆ ಆರಕ್ಕೆ ಹಾಡು ಬಂದಾಗ ಕೇಳಿದರೆ ಕೇಳಲಿ ಎಂದು ಫೋನ್ ಮಗುಚಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಮೊದಲನೆಯದು ನಮ್ಮ ಸೋದರತ್ತೆಯ ಮಗಳು. ಕೈಮುಗಿದ ಚಿತ್ರ, ಓಂ ಶಾಂತಿ. ಅದರ ಕೆಳಗೆ ಸಾಲಾಗಿ ಓಂ ಶಾಂತಿ, ಓಂ ಶಾಂತಿ, ಭಾವಪೂರ್ಣ ಶ್ರದ್ಧಾಂಜಲಿ, ಓಂ ಶಾಂತಿ. ಈ ಜನ ಪೋಸ್ಟರ್ ಓದಿರಲಿಲ್ಲ. ಕಪ್ಪು ಬಿಳುಪಿನ ಮುಖ, ಮುಂದೆ ದೀಪ, ಮೇಲೆ ‘ಹೋಗಿ ಬರ್ತೀನಿ’, ಕೆಳಗೆ ಇವತ್ತಿನ ದಿನಾಂಕ. ಇಷ್ಟು ಕಂಡರೆ ಸಾಕು, ಬೆರಳು ತಾನಾಗಿ ಓಂ ಶಾಂತಿ ಒತ್ತುತ್ತದೆ. ನಾನೇ ನನ್ನ ಸಾವನ್ನು ನನ್ನ ನಂಬರಿನಿಂದ ಹೇಳಿಕಳಿಸಿದ್ದೇನಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

"ಏನಾಗಿತ್ತಂತೆ?" ಎಂದು ಒಬ್ಬರು ಕೇಳಿದ್ದರು. "ಹಾರ್ಟು" ಎಂದು ಇನ್ನೊಬ್ಬರು ಉತ್ತರ ಕೊಟ್ಟಿದ್ದರು. ಅಷ್ಟು ಖಚಿತವಾಗಿ ಯಾವ ಡಾಕ್ಟರೂ ಹೇಳುವುದಿಲ್ಲ. "ಸಂಜೆ ಆರಕ್ಕೆ ಎತ್ತೋದಾ? ಕತ್ತಲಾಗಲ್ವಾ?" ಎಂದು ನಮ್ಮ ದೊಡ್ಡಪ್ಪನ ಸೊಸೆ. ಅದಕ್ಕೆ ಮೂವರು, ಯಾರೋ ದೂರದಿಂದ ಬರಬೇಕಂತೆ ಎಂದು ವಿವರಣೆ ಕೊಟ್ಟಿದ್ದರು. ತಾಯಂದಿರ ಗ್ರೂಪಿನಲ್ಲಿ ದುಃಖ ಎರಡು ಸಾಲಿಗೆ ಮುಗಿದು, ಮುಂದಿನ ವಾರದ ಸ್ಪರ್ಧೆಗೆ ಮಕ್ಕಳನ್ನು ಇನ್ನು ಯಾರು ತಯಾರು ಮಾಡುತ್ತಾರೆ ಎಂಬ ಚರ್ಚೆ ಶುರುವಾಗಿತ್ತು. ಒಬ್ಬಾಕೆ ಆಗಲೇ ಬೇರೆ ಟೀಚರ್ ಹೆಸರು ಸೂಚಿಸಿದ್ದಳು. ಆ ಟೀಚರ್‌ಗೆ ಶ್ರುತಿಪೆಟ್ಟಿಗೆ ಆನ್ ಮಾಡುವುದಕ್ಕೂ ಬರುವುದಿಲ್ಲ.

ತಮ್ಮ ಫೋನ್ ಮಾಡಿದ. "ಅಕ್ಕಾ... ಯಾರು ಮಾತಾಡ್ತಿರೋದು?" ಎಂದ.

"ನಿನ್ನ ಅಕ್ಕನ ಫೋನ್‌ನಲ್ಲಿ ಇನ್ಯಾರು ಮಾತಾಡ್ತಾರೋ ಮಂಗ" ಎಂದೆ. ಅವನು ಅತ್ತುಬಿಟ್ಟ. ಬೈದದ್ದಕ್ಕೆ ಬೇಸರವಾಯಿತು. ಆದರೂ ಬೈದೆ.

ಮೂರೂ ಗ್ರೂಪಿಗೆ ಬರೆದೆ: "ನಾನು ಸತ್ತಿಲ್ಲ. ಇದು ನನ್ನ ಹಾಡಿನ ಪೋಸ್ಟರ್. ಸಂಜೆ ಆರಕ್ಕೆ ಹಾಡು ಬಿಡುಗಡೆ." ಅದರ ಕೆಳಗೂ ಐದು ಓಂ ಶಾಂತಿ ಬಂದವು. ಒಬ್ಬ ಮಾವ, "ಒಳ್ಳೆಯ ಆತ್ಮ" ಎಂದು ಸೇರಿಸಿದ. ನಾನು ಬದುಕಿರುವಾಗ ಆತ ನನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಆರ್ಕೆಸ್ಟ್ರಾದ ಗ್ರೂಪನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಡ್ರಮ್ಮಿನವನು, ಕೀಬೋರ್ಡಿನವನು, ಎಲ್ಲರೂ ಓಂ ಶಾಂತಿ ಅಂದಿದ್ದರು. ದುರ್ಗದವಳದು ಏನೂ ಇರಲಿಲ್ಲ. ನೋಡಿದ್ದಾಳೆ ಎಂದು ಮಾತ್ರ ತೋರಿಸುತ್ತಿತ್ತು, ಏಳು ಗಂಟೆಗೇ. ಅಂದರೆ ನಾನು ಸತ್ತೆ ಎಂದು ತಿಳಿದೂ ಅವಳಿಗೆ ಎರಡು ಅಕ್ಷರ ಒತ್ತಲು ಆಗಲಿಲ್ಲ. ಊರಿನವರ ಓಂ ಶಾಂತಿಗಳಿಗೆ ನಕ್ಕು ಸುಮ್ಮನಾಗಿದ್ದವಳಿಗೆ ಅದು ಎದೆಗೆ ಬಡಿಯಿತು. ಇನ್ನು ಈ ಹಾಡನ್ನು ಬಿಟ್ಟರೆಷ್ಟು, ಬಿಡದಿದ್ದರೆಷ್ಟು ಎಂದುಕೊಂಡು, ಹುರುಳಿಕಾಯಿ ಬಿಡಿಸುತ್ತ ಕೂತೆ.

ಹನ್ನೊಂದರ ಸುಮಾರಿಗೆ ಗೇಟಿನ ಸದ್ದಾಯಿತು. ನೋಡಿದರೆ ಅವಳು.

ತಲೆ ಸ್ವಲ್ಪ ನೆರೆತಿತ್ತು. ಒಂದು ಕೈಯಲ್ಲಿ ಹೊಲಿಗೆ ಬಟ್ಟೆ ಹಾಕುವ ಅದೇ ಹಳೆಯ ಬ್ಯಾಗು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು. ಕವರಿನೊಳಗೆ ಸೇವಂತಿಗೆ ಹಾರ, ಮೇಲೆ ಊದುಬತ್ತಿ ಪೊಟ್ಟಣ. ಗೇಟಿನ ಒಳಗೆ ಬಂದವಳು ನಿಂತು ಸುತ್ತ ನೋಡಿದಳು. ಶಾಮಿಯಾನ ಇಲ್ಲ, ಕುರ್ಚಿ ಇಲ್ಲ, ಬಾಗಿಲ ಮುಂದೆ ಬೆಂಕಿ ಹಾಕಿಲ್ಲ. ಆಮೇಲೆ ನನ್ನನ್ನು ನೋಡಿದಳು. ನನ್ನ ಮಡಿಲಲ್ಲಿ ಹುರುಳಿಕಾಯಿ ಮೊರ ಇತ್ತು.

"ಸತ್ತಿಲ್ವಾ?" ಎಂದಳು.

"ಇಲ್ಲ" ಎಂದೆ.

"ಥೂ ನಿನ್ನ" ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು.

ನಮ್ಮಲ್ಲಿ ಒಂದು ಮಾತಿದೆ. ಶುಭಕ್ಕೆ ಕರೆಯದೆ ಹೋಗಬಾರದು, ಅಶುಭಕ್ಕೆ ಕರೆಯುವವರೆಗೂ ಕಾಯಬಾರದು. ನಾನು ಹಾಡಿಗೆ ಕರೆದಿದ್ದರೆ ಅವಳು ಬರುತ್ತಿರಲಿಲ್ಲ, ಅದು ಖಂಡಿತ. ಕರೆಯುವ ಧೈರ್ಯವೂ ನನಗಿರಲಿಲ್ಲ. ಸಾವೆಂದುಕೊಂಡು, ಅಂಗಡಿಗೆ ಬೀಗ ಹಾಕಿ, ಕುಣಿಗಲ್ಲಿನಲ್ಲಿ ಇಳಿದು ಹಾರ ಕಟ್ಟಿಸಿಕೊಂಡು, ಇನ್ನೊಂದು ಬಸ್ ಹತ್ತಿ ಬಂದಿದ್ದಳು.

"ಒಂದ್ ಫೋನ್ ಮಾಡೋದಲ್ವೇನೇ?" ಎಂದೆ.

"ಸತ್ತೋಳಿಗೆ ಯಾರಾದ್ರೂ ಫೋನ್ ಮಾಡ್ತಾರಾ?"

"ಸತ್ತಿಲ್ಲ ಅಂತ ಗ್ರೂಪಲ್ಲಿ ಹಾಕಿದ್ನಲ್ಲ."

"ಬಸ್ಸಲ್ಲಿ ಮೊಬೈಲ್ ತೆಗ್ಯಕ್ಕೆ ಮನಸಾಗ್ಲಿಲ್ಲ ಕಣೇ" ಎಂದಳು. ಹಾಗೆಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಎರಡೂ ಕಣ್ಣು ಕೆಂಪಾಗಿದ್ದವು. ಗುಬ್ಬಿಯವನಿಗೆ ತೋರಿಸಬೇಕಿತ್ತು.

ಕಾಫಿ ಮಾಡಲೇ ಎಂದು ಕೇಳಿದೆ. "ಸಾವಿನ ಮನೇಲಿ ಕಾಫಿ ಕುಡೀತಾರಾ?" ಎಂದಳು ಅಭ್ಯಾಸದಂತೆ, ಆಮೇಲೆ ತನಗೇ ನಗು ಬಂದು, "ಕೊಡು, ಬೆಳಿಗ್ಗೆಯಿಂದ ಹೊಟ್ಟೇಗೇನೂ ಇಲ್ಲ" ಎಂದಳು. ಹೆಣ ಎತ್ತುವವರೆಗೆ ಉಣ್ಣಬಾರದೆಂದು ಉಪವಾಸ ಬಂದಿದ್ದಳು. ಉಪ್ಪಿಟ್ಟು ಮಾಡಿ ಹಾಕಿದೆ. ಎರಡು ಸಲ ಹಾಕಿಸಿಕೊಂಡಳು. ಗುಬ್ಬಿಯ ಛತ್ರದಲ್ಲಿ ಎಲೆ ಬಿಟ್ಟು ಹೋದವಳು ನನ್ನ ಅಡುಗೆ ಮನೆಯ ಬಾಗಿಲಲ್ಲಿ ಕೂತು ತಿನ್ನುವುದನ್ನು ನಾನು ತಟ್ಟೆ ತೊಳೆಯುವ ನೆಪದಲ್ಲಿ ನೋಡಿದೆ.

"ಎಲ್ಲಿ, ಆ ಹಾಡು? ಹಾಕು" ಎಂದಳು ಕೈ ತೊಳೆದು.

ಸಂಜೆ ಆರಕ್ಕೆ ಲೋಕಕ್ಕೆ ಬರಬೇಕಾದ ಹಾಡನ್ನು ಹನ್ನೆರಡು ಗಂಟೆಗೆ ಅವಳೊಬ್ಬಳಿಗೆ ಹಾಕಿದೆ. ಅವಳು ವಿಡಿಯೋ ನೋಡಲೇ ಇಲ್ಲ. ಫೋನನ್ನು ನೆಲದ ಮೇಲೆ ಮಗುಚಿಟ್ಟು, ಕವರಿನಿಂದ ಹಾರ ತೆಗೆದು, ದಾರದಿಂದ ಒಂದೊಂದೇ ಹೂ ಬಿಡಿಸುತ್ತ ಕೇಳಿದಳು. ಗುಬ್ಬಿಯವನ ಡ್ರೋನು, ನನ್ನ ಎಡಗಣ್ಣು, ಕುಣಿಗಲ್ ಕೆರೆ, ಎಲ್ಲ ನೆಲ ನೋಡಿಕೊಂಡು ಬಿದ್ದಿದ್ದವು. ಚರಣ ಬಂತು. ಎರಡನೇ ಸಾಲಿಗೆ ಅವಳ ಬೆರಳು ನಿಂತಿತು.

ಹಾಡು ಮುಗಿಯಿತು. ಹೊಗಳುತ್ತಾಳೆ ಎಂದು ಕಾದೆ. ಇಷ್ಟು ವಯಸ್ಸಾಗಿ, ಊರಿನ ಎಲ್ಲರನ್ನೂ ತಿರಸ್ಕಾರದಿಂದ ನೋಡುವ ನಾನು, ನೆಲದ ಮೇಲೆ ಕೂತು ದುರ್ಗದ ಒಬ್ಬ ಟೈಲರ್ ಏನಂತಾಳೋ ಎಂದು ಬಾಯಿ ಒಣಗಿಸಿಕೊಂಡು ಕಾದೆ.

"ಚರಣದ ಎರಡ್ನೇ ಸಾಲಿಗೆ ಅರ್ಧ ಬೀಟ್ ಮುಂಚೆ ಬಂದಿದೀಯ" ಎಂದಳು. "ಅವತ್ತೂ ಹಂಗೇ ಬಂದೆ."

ನಾನು ಮಗುಚಿಟ್ಟ ಫೋನನ್ನು ಎತ್ತಿ ಸೆರಗಿನಿಂದ ಒರೆಸಿದೆ.

"ಅದೇ ಜಾಗ ಕಣೇ. ಹನ್ನೊಂದು ವರ್ಷ ನೀನು ಮುಂಚೆ ಬರೋದು, ನಾನು ನನ್ನ ಕೊನೆ ಅಕ್ಷರ ನುಂಗ್ಕೊಂಡು ನಿಂಗೆ ಜಾಗ ಬುಡೋದು. ಅವತ್ತೊಂದಿನ ನುಂಗ್ಲಿಲ್ಲ. ಹಾಡು ಚೆನ್ನಾಗಿತ್ತು, ನುಂಗಕ್ಕೆ ಮನಸಾಗ್ಲಿಲ್ಲ. ಅದಕ್ಕೆ ಮೈಕಲ್ಲಿ ಬೈದೆ. ಕುಣಿಯಲಾರ್ದೋಳು ನೆಲ ಡೊಂಕು ಅಂದ್ಲಂತೆ."

ಇಲ್ಲಿ ಒಂದು ವಿಷಯ ಬರೆಯಲೇಬೇಕು. ಇದು ನನಗೆ ಗೊತ್ತಿತ್ತು. ಅವತ್ತು ಗುಬ್ಬಿಯಿಂದ ಮನೆಗೆ ಬರುವ ದಾರಿಯಲ್ಲೇ, ಬಸ್ಸಿನ ಕಿಟಕಿಯ ಪಕ್ಕ ಕೂತು ತೊಡೆಯ ಮೇಲೆ ತಾಳ ಹಾಕಿ ನೋಡಿದಾಗಲೇ ಗೊತ್ತಾಗಿತ್ತು. ಒಂಬತ್ತು ವರ್ಷ ಗೊತ್ತಿತ್ತು. ಶಿರಾ ಗೇಟಿನವನು ಹೇಳಿದಾಗ ಉರಿದದ್ದೂ ಅದಕ್ಕೇ. ಊರಿನವರಿಗೆ ಕಿವಿ ಇಲ್ಲ ಎಂದು ನಾನು ಸಾರುತ್ತ ಬಂದದ್ದು, ಕಿವಿ ಇರುವವರು ಇದೊಂದನ್ನು ಕೇಳಿಸಿಕೊಂಡಾರೆಂಬ ಹೆದರಿಕೆಯಿಂದ.

"ತಪ್ಪು ನಂದೇ" ಎಂದೆ. ಬಹಳ ಸಣ್ಣ ದನಿಯಲ್ಲಿ. ಈ ಸಲ ಮೈಕ್ ಇದ್ದಿದ್ದರೆ ಚೆನ್ನಾಗಿತ್ತು.

"ಕೇಳಿಸ್ಲಿಲ್ಲ" ಎಂದಳು ಹೂ ಬಿಡಿಸುತ್ತ.

"ತಪ್ಪು ನಂದು ಕಣೇ!" ಎಂದು ಕಿರುಚಿದೆ.

"ಹೂಂ. ಸರಿ ಮಾಡ್ದೆ ಅದನ್ನ ಬುಡ್ಬೇಡ."

"ಸಂಜೆ ಆರಕ್ಕೆ ಅಂತ ಹಾಕ್ಬುಟ್ಟಿದೀನಲ್ಲೇ."

"ಸತ್ತೋರಿಗೆ ಯಾವ ಟೈಮು?" ಎಂದಳು.

ಹಾಡು ಅವತ್ತು ಬರಲಿಲ್ಲ. ಶಿರಾ ಗೇಟಿನ ಮಹಡಿ ಹತ್ತಿ, ಆ ಒಂದು ಕಿವಿಯ ಮನುಷ್ಯನ ಮುಂದೆ ನಿಂತು, "ಸ್ವಲ್ಪ ಹಿಂದಕ್ಕೆ ತಳ್ಳಿ" ಎಂದು ನನ್ನ ಬಾಯಿಂದಲೇ ಹೇಳಿ, ಸರಿಮಾಡಿಸಿ ಬಿಟ್ಟದ್ದು ಹನ್ನೊಂದನೆಯ ದಿನ. ತಿಥಿಗೆ ಸರಿಯಾಯಿತು ಎಂದು ತಮ್ಮ ನಕ್ಕ. ಈ ಸಲ ಪೋಸ್ಟರಿನಲ್ಲಿ ಚಿಟ್ಟೆ ಇತ್ತು. ನೋಡಿದವರು ಕಡಿಮೆ, ಓಂ ಶಾಂತಿ ಅಂದವರ ಅರ್ಧದಷ್ಟೂ ಇಲ್ಲ. ಬದುಕಿರುವವರ ಹಾ‌ಡಿಗೆ ನಮ್ಮ ಜನಕ್ಕೆ ಅಷ್ಟು ಪುರುಸೊತ್ತಿಲ್ಲ. ಕೆಳಗೆ ಒಬ್ಬ, ಮೀನು ಸಾರು ಯಾವಾಗ ಹಾಕ್ತೀರ ಎಂದು ಕೇಳಿದ್ದಾನೆ. ಕುಣಿಗಲ್ಲಿನವನೇ ಇರಬೇಕು.

ಆ ಭಾನುವಾರ ಮೂರು ಗಂಟೆಗೆ ದುರ್ಗದವಳು ಎದ್ದಳು. ಬಿಡಿಸಿದ ಹೂಗಳನ್ನು ಮೊರಕ್ಕೆ ಸುರಿದು, ಹೆಣಕ್ಕೆ ತಂದದ್ದನ್ನು ವಾಪಸ್ ಒಯ್ಯುವಂತಿಲ್ಲ, ದೇವರಿಗೂ ಹಾಕುವಂತಿಲ್ಲ, ಗಿಡದ ಬುಡಕ್ಕೆ ಹಾಕು ಎಂದಳು. ದಾರವನ್ನು ಮಾತ್ರ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು, ಟೈಲರ್ ಬುದ್ಧಿ. ಚಪ್ಪಲಿ ಮೆಟ್ಟಿದಳು. ಮೆಟ್ಟಿಲಿಳಿದಳು. ಏನೂ ಹೇಳಲಿಲ್ಲ.

ನಾನು ಬಾಗಿಲಲ್ಲಿ ನಿಂತೆ. ಕೇಳಲು ನನ್ನಿಂದಾಗಲಿಲ್ಲ. ಹಾಡು ಬರೆದು, ರಾಗ ಹಾಕಿ, ಕೆರೆ ಏರಿಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಹಾಡಬಲ್ಲವಳಿಗೆ, ಆ ಒಂದು ಮಾತು ಹೇಳಿ ಹೋಗೇ ಎಂದು ಎದುರಿಗೆ ಕೇಳುವುದು ಆಗಲಿಲ್ಲ. ಸಾವಿಗೆಂದು ಬಂದವಳು, ಸಾವಿನ ಮನೆಯಿಂದ ಹೋಗುವಂತೆಯೇ ಹೋಗುತ್ತಿದ್ದಾಳೆ ಎಂದುಕೊಂಡೆ. ಅವಳು ಗೇಟು ದಾಟಿ, ಹೊರಗಿನಿಂದ ಕೈ ಒಳಗೆ ಹಾಕಿ ಚಿಲಕ ಹಾಕಿದಳು. ಚಿಲಕ ಬಿಗಿ, ಸ್ವಲ್ಪ ಒದ್ದಾಡಿದಳು. ತಲೆ ಎತ್ತದೆ, ಚಿಲಕಕ್ಕೇ ಹೇಳುವ ಹಾಗೆ ಹೇಳಿದಳು:

"ಬರ್ತೀನಿ ಕಣೇ."

ಅವಳ ಮಾತು ಮುಗಿಯುವ ಮುಂಚೆಯೇ ನಾನು ಹೂಂ ಅಂದುಬಿಟ್ಟಿದ್ದೆ. ಅರ್ಧ ಬೀಟ್ ಮುಂಚೆ.